ಏನೂ ಇಲ್ಲದ ಪಟ

ಚನ್ನಾಜಮ್ಮ ವಿಭೂತಿ ಗಟ್ಟಿಯನ್ನು ಮತ್ತೊಮ್ಮೆ ಚೊಂಬಿನ ನೀರಿಗೆ ಅದ್ದಿ, ಅಂಗೈಯಲ್ಲಿ ತೇಯ್ದುಕೊಂಡು, ಗೋಡೆಗೆ ಒರಗಿಸಿ ಕೂರಿಸಿದ್ದ ತಮ್ಮನ ಹೆಂಡತಿ ಮಾಲಿನಿಯ ಕೆನ್ನೆಗೆ ಬಳಿಯಹೊರಟಾಗ ಮಾಲಿನಿಯ ಮಗಳು ಶಿವರಂಜನಿ ಆ ಕೈಯನ್ನು ಹಿಡಿದುಕೊಂಡಳು.

"ಸಾಕು ಬುಡು ಅತ್ತೆ. ಅಣೆಗೆ ಇಕ್ಕಿದ್ದೀಯಲ್ಲ."

"ಅಣೆಗೊಂದು ಇಕ್ಬುಟ್ರ ಆಯ್ತದಾ ಮಗ? ಶಿವನ ಪಾದ ಸೇರ್ಕಂಡವ್ಳ. ಮೈಯೆಲ್ಲ ಬಳೀಬೇಕು." ಚನ್ನಾಜಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡು ಬಾಯಿಯ ಸುತ್ತ, ಕೆನ್ನೆಯ ಮೇಲೆ, ಹುಬ್ಬಿನ ಮೇಲೂ ಬಳಿದು ಮುಗಿಸಿದಳು. ಸ್ವಲ್ಪ ಹಿಂದೆ ಸರಿದು ನೋಡಿ, "ನೋಡು, ಎಲ್ಲಾ ಒಂದೇ ಬಣ್ಣ ಬಂತು" ಅಂದಳು.

ಆ ಮಾತು ಬಾಯಿ ತಪ್ಪಿ ಬಂದದ್ದು. ಸುತ್ತ ಕೂತಿದ್ದ ಹೆಂಗಸರು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದರು. ಮಾಲಿನಿಯ ಮುಖದಲ್ಲಿ ತೊನ್ನಿತ್ತು. ತುಟಿಯ ಸುತ್ತ ಹುಟ್ಟಿ ಒಂದು ಕೆನ್ನೆಗೆ ಹಬ್ಬಿದ್ದ ಬಿಳಿ. ಮಾಂಬಳ್ಳಿಯಲ್ಲಿ ಅವಳೆದುರು ಯಾರೂ ಅದರ ಹೆಸರೆತ್ತುತ್ತಿರಲಿಲ್ಲ. ಬೆನ್ನ ಹಿಂದೆ ಎತ್ತದೆ ಬಿಟ್ಟ ದಿನವೂ ಇರಲಿಲ್ಲ. ಈಗ ವಿಭೂತಿ ಅದನ್ನು ಮುಚ್ಚಿತ್ತು. ಬಾಳೆಲ್ಲ ಅವಳಿಂದ ಆಗದಿದ್ದ ಕೆಲಸವನ್ನು ಒಂದು ಗಟ್ಟಿ ಬೂದಿ ಮಾಡಿ ಮುಗಿಸಿತ್ತು.

ಬೆಳಿಗ್ಗೆ ಅವಳು ಎಂದಿನಂತೆ ಕೊಳ್ಳೇಗಾಲದ ಆಸ್ಪತ್ರೆಯ ಕೆಲಸಕ್ಕೆಂದು ಊಟದ ಡಬ್ಬಿ ಹಿಡಿದು ಬಸ್‌ಸ್ಟಾಪಿಗೆ ಹೋಗಿದ್ದಳು. ಎದೆ ಒತ್ತಿದ ಹಾಗಾಗುತ್ತದೆ ಎಂದು ಪಕ್ಕದವಳಿಗೆ ಹೇಳಿ ಕಟ್ಟೆಯ ಮೇಲೆ ಕೂತಳು. ಮತ್ತೆ ಏಳಲಿಲ್ಲ. ಹನೂರಿನ ಗಂಡನ ಮನೆಯಿಂದ ಶಿವರಂಜನಿ ಬಂದು ಸೇರುವಷ್ಟರಲ್ಲಿ ಹೆಂಗಸರು ಮೈ ತೊಳೆದು, ಹೊಸ ಸೀರೆ ಉಡಿಸಿ, ಕೂರಿಸಿ, ಅರ್ಧ ಮುಖಕ್ಕೆ ಬೂದಿ ಬಳಿದಾಗಿತ್ತು. ಉಳಿದರ್ಧ ಅವಳ ಕಣ್ಣೆದುರಿಗೇ ಮುಚ್ಚಿಹೋಯಿತು, ಅವಳು ನೋಡುತ್ತಿದ್ದದ್ದು ಅತ್ತೆಯ ಕೈಯನ್ನು.

ಬಾಗಿಲ ಬಳಿ ಸ್ಟುಡಿಯೋದ ಉದಯಕುಮಾರ್ ಕ್ಯಾಮೆರಾ ಚೀಲ ಹೆಗಲಿಗೇರಿಸಿ ನಿಂತಿದ್ದ. ಹೆಣ ಎತ್ತುವ ಮೊದಲು ಮನೆಯವರೆಲ್ಲ ಸುತ್ತ ಕೂತು ಪಟ ತೆಗೆಸಿಕೊಳ್ಳುವುದು ಆ ಕಡೆಯ ವಾಡಿಕೆ. ಬದುಕಿದ್ದಾಗ ಒಂದು ಪಂಕ್ತಿಯಲ್ಲಿ ಉಣ್ಣದ ಅಣ್ಣತಮ್ಮಂದಿರೂ ಆ ಪಟದಲ್ಲಿ ತೋಳಿಗೆ ತೋಳು ತಾಗಿಸಿ ಕೂರುತ್ತಾರೆ. ಅದು ಮುಗಿಯಿತು. ಮುಗಿದ ಮೇಲೂ ಉದಯಕುಮಾರ್ ಹೊರಡಲಿಲ್ಲ. ನಾಳೆ ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಫ್ಲೆಕ್ಸ್ ನಿಲ್ಲಬೇಕು, ಅದೇ ಪಟ ಕಟ್ಟು ಹಾಕಿಸಿ ಮನೆಯ ಗೋಡೆಗೂ ಬರಬೇಕು. ಅದಕ್ಕೆ ಬದುಕಿದ್ದಾಗಿನ ಮುಖ ಒಂದು ಬೇಕಿತ್ತು.

ಮಾಲಿನಿಯ ಗಂಡ ಶಿವಕುಮಾರಸ್ವಾಮಿ ಒಳಗಿನಿಂದ ಮದುವೆಯ ಪಟ ತಂದ. ತುಂಬ ಹೂ ಮುಡಿದು, ಕಣ್ಣು ಕೆಳಗೆ ಹಾಕಿ ನಿಂತ ಹುಡುಗಿ. ಮಚ್ಚೆ ಇಲ್ಲದ, ತುಂಬು ಕೆನ್ನೆಯ, ಎಣ್ಣೆಗೆಂಪು ಮುಖ.

"ಇದ್ನೇ ಮಾಡ್ಸುದ್ರಾಯ್ತು" ಎಂದ.

"ಇದು ಅವ್ವ ಅಲ್ಲ ಕಣಪ್ಪಾಜಿ."

"ಮತ್ಯಾರು ಮಗ?"

"ನಾ ಉಟ್ಟೋಕೆ ಮುಂಚಿನವ್ರು ಯಾರೋ. ಈ ಮಕ ನಂಗೆ ಗೊತ್ತೇ ಇಲ್ಲ."

ಬೇರೆ ಪಟ ಎಲ್ಲಿತ್ತು? ಆಧಾರ್ ಕಾರ್ಡಿನಲ್ಲಿ ಇದ್ದದ್ದು ಹೆಬ್ಬೆಟ್ಟಿನ ಗುರುತಿನ ಹಾಗೆ. ದೊಡ್ಡದು ಮಾಡಿದರೆ ಚೌಕ ಚೌಕವಾಗಿ ಒಡೆಯುತ್ತದೆಂದು ಉದಯಕುಮಾರ್ ಆಗಲೇ ಬೇಡವೆಂದು ಕೈಯಾಡಿಸಿದ್ದ. ಆಸ್ಪತ್ರೆಯಲ್ಲಿ ತೆಗೆದ ಗುಂಪಿನ ಪಟದಲ್ಲಿ ಮಾಸ್ಕು. ಶಿವರಂಜನಿಯ ಮದುವೆಯ ಪಟ ತೆಗೆದವನೂ ಇದೇ ಉದಯಕುಮಾರ್. ಧಾರೆ ಎರೆಯುವ ಪಟದಲ್ಲಿ ಮಾಲಿನಿಯ ಕೈಗಳಿದ್ದವು, ಬಳೆಗಳಿದ್ದವು. ಮುಖ ಬೀಗರ ಪೇಟದ ಹಿಂದೆ ಅಡಗಿತ್ತು. ಮದುವೆಯ ಹಿಂದಿನ ದಿನವೇ ಮಾಲಿನಿ ಅಕ್ಕ ಕೈ ಮುಗಿದು ಕೇಳಿಕೊಂಡಿದ್ದರೆಂದೂ, ಅದಕ್ಕೇ ಆ ಕಡೆ ಕ್ಯಾಮೆರಾ ತಿರುಗಿಸಲಿಲ್ಲವೆಂದೂ ಉದಯಕುಮಾರ್ ನೆಲ ನೋಡುತ್ತಾ ಹೇಳಿದ.

ಶಿವರಂಜನಿ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಅವ್ವನ ಮುಖ ನೆನಪಿಗೆ ತಂದುಕೊಳ್ಳಲು ನೋಡಿದಳು. ದನಿ ಬಂತು, ಸೀರೆಯ ವಾಸನೆ ಬಂತು, ಬೆವರಿದ ಕತ್ತು ಬಂತು. ಮುಖ ಬರಲಿಲ್ಲ. ಮಚ್ಚೆ ಕೆನ್ನೆಯಲ್ಲಿ ಎಲ್ಲಿಯವರೆಗೆ ಇತ್ತು? ಕಣ್ಣಿಗೆ ಮುಟ್ಟಿತ್ತೇ? ಅವಳಿಗೆ ಗೊತ್ತಿರಲಿಲ್ಲ. ನೋಡಿದರೆ ಅವ್ವನಿಗೆ ನೋವಾಗುತ್ತದೆಂದು ಚಿಕ್ಕಂದಿನಿಂದ ನೋಡದೆ ನೋಡದೆ, ನೋಡದಿರುವುದೇ ಅಭ್ಯಾಸವಾಗಿ ಹೋಗಿತ್ತು. ಈಗ ಹೊತ್ತು ಮೀರಿತ್ತು. ಇಳಿಹೊತ್ತಿಗೆ ಆ ಮುಖ ಬೂದಿಯೊಂದಿಗೇ ಮಣ್ಣಿಗೆ ಹೋಗುತ್ತದೆ, ಗೋಡೆಯ ಮೇಲೆ ಗುರುತಿಲ್ಲದ ಹುಡುಗಿಯೊಬ್ಬಳು ಹೂ ಮುಡಿದು ನಿಂತಿರುತ್ತಾಳೆ.

*

ಮಚ್ಚೆ ಮೊದಲು ಕಂಡದ್ದು ಶಿವರಂಜನಿ ಅಂಗನವಾಡಿಗೆ ಹೋಗುತ್ತಿದ್ದಾಗ, ತುಟಿಯಂಚಿನಲ್ಲಿ, ಕಡಲೆಕಾಳಿನಷ್ಟು. ಸುಣ್ಣ ಹೆಚ್ಚಾಗಿ ಎಲೆಯಡಿಕೆ ಸುಟ್ಟಿರಬೇಕು ಅಂದರು. ಕಾಳು ಕಾಸಗಲವಾಯಿತು. ಮೈಸೂರಿನ ಚರ್ಮದ ಡಾಕ್ಟರು, ಬಿಳಿಗಿರಿರಂಗನ ಬೆಟ್ಟದ ಬೇರು, ಮಾದಪ್ಪನಿಗೆ ಹರಕೆ, ಎಲ್ಲ ಆಯಿತು. ಇದು ಅಂಟುರೋಗವಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಮನೆಗೆ ಬಂದಾಗ ಗಂಡನ ತಾಯಿ ಮಾಲಿನಿಯ ಲೋಟವನ್ನು ಬೇರೆ ಗೂಡಿನಲ್ಲಿ ಇಟ್ಟಿದ್ದಳು.

ಶಿವಕುಮಾರಸ್ವಾಮಿ ಕೆಟ್ಟವನಲ್ಲ. ಭತ್ತ, ಅರಿಶಿನ ಬೆಳೆದುಕೊಂಡು ತನ್ನ ಪಾಡಿಗೆ ತಾನಿದ್ದ ಮನುಷ್ಯ. ಗಾಳಿ ಎದ್ದರೆ ಎದುರಿಗೆ ನಿಲ್ಲುವವನಲ್ಲ, ಕದ ಹಾಕಿಕೊಂಡು ಒಳಗೆ ಕೂರುವವನು. ಲೋಟ ಬೇರೆಯಾದದ್ದನ್ನು ಅವನು ನೋಡಿದ, ಏನೂ ಅನ್ನಲಿಲ್ಲ. ತಾಯಿ ತೀರಿಕೊಂಡ ಮೇಲೂ ಆ ಲೋಟ ಆ ಗೂಡಿನಲ್ಲೇ ಉಳಿಯಿತು. ಅದನ್ನು ತೆಗೆದು ಎಲ್ಲರ ಲೋಟದ ಜೊತೆ ಇಡಬೇಕೆಂದು ಅವನಿಗೂ ತೋಚಲಿಲ್ಲ, ಮಾಲಿನಿಯೂ ಇಡಲಿಲ್ಲ.

ಮದುವೆಗೆ ಮುಂಚೆ ಅವಳು ಲ್ಯಾಬಿನ ಕೋರ್ಸು ಓದಿದ್ದಳು. ಮಚ್ಚೆ ಬಂದ ಮೇಲೆ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಕ್ಷಯದ ಕಫ ನೋಡುವ ಕೆಲಸಕ್ಕೆ ಅರ್ಜಿ ಹಾಕಿದಳು. ಅಂಟು ಹತ್ತೀತೆಂದು ಬೇರೆಯವರು ಹಿಂದೆ ಮುಂದೆ ನೋಡುವ ಜಾಗ. ಅವಳಿಗೆ ಅಲ್ಲಿ ಎರಡು ಅನುಕೂಲವಿತ್ತು: ದಿನವಿಡೀ ಮಾಸ್ಕು, ಜೊತೆಗೆ ಕತ್ತಲೆ ಕೋಣೆ.

ಆಮೇಲೆ ಕೊರೋನಾ ಬಂತು. ಊರೆಲ್ಲ ಮಾಸ್ಕು ಹಾಕಿ ಉಸಿರುಗಟ್ಟುತ್ತದೆಂದು ಗೊಣಗುವಾಗ ಮಾಲಿನಿ ಮಚ್ಚೆ ಬಂದ ಮೇಲೆ ಮೊದಲ ಸಲ ಸಂತೆಗೆ ಹೋದಳು. ಕರೆದ ಮನೆಗೆಲ್ಲ ಹೋದಳು. ಯಳಂದೂರಿನ ಅಂಗಡಿ ಬೀದಿಯಲ್ಲಿ ನಿಂತು ಸೀರೆಯ ಬಣ್ಣ ಸರಿಯಿಲ್ಲವೆಂದು ಜಗಳ ಆಡಿದಳು. ಆ ಕಾಲ ಅವಳ ಪಾಲಿನ ಹಬ್ಬ. ಜನ ಮಾಸ್ಕು ಬಿಚ್ಚಿ ಎಸೆದ ದಿನ ಅವಳು ಮತ್ತೆ ಮುಖ ಒಂದು ಕಡೆಗೆ ತಿರುಗಿಸಿಕೊಂಡು ನಡೆಯತೊಡಗಿದಳು. ಶಿವರಂಜನಿಗೆ ಅದು ಕಂಡಿತ್ತು. ಕಂಡರೂ ಏನೆಂದು ಹೇಳುವುದು?

*

ಮಧ್ಯಾಹ್ನದ ಹೊತ್ತಿಗೆ ಲ್ಯಾಬಿನ ಮೀನಾ ಬಂದಳು. ಮಾಲಿನಿಯ ಕೈಕೆಳಗೆ ಕೆಲಸ ಕಲಿತ ಹುಡುಗಿ. ಈಗ ಅದೇ ಕೋಣೆಯಲ್ಲಿ ಅವಳ ಪಕ್ಕದ ಕುರ್ಚಿ. ಜೊತೆಗೆ ದೊಡ್ಡಮಾದಪ್ಪ ಎಂಬ ಲೊಕ್ಕನಹಳ್ಳಿಯ ಮುದುಕ. ಯಾವತ್ತೋ ಕ್ಷಯ ಬಂದು ವಾಸಿಯಾದವನು, ಇವತ್ತು ಆಸ್ಪತ್ರೆಗೆ ಬಂದಿದ್ದವನಿಗೆ ಸುದ್ದಿ ಸಿಕ್ಕಿ, ಮಾತ್ರೆ ಚೀಟಿ ಜೇಬಿನಲ್ಲೇ ಇಟ್ಟುಕೊಂಡು ಬಸ್ಸು ಹತ್ತಿದ್ದ.

ದೊಡ್ಡಮಾದಪ್ಪ ಹಾರ ಹಾಕಿ, ಮುಂದೆ ಬಾಗಿ, ಆ ಬೂದಿಯ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಶಿವರಂಜನಿಯ ಬಳಿ ಬಂದು ಕುಕ್ಕರಗಾಲಿನಲ್ಲಿ ಕೂತ.

"ನಿಮ್ಮವ್ವನ ದನಿ ಗೊತ್ತು ಕಣವ್ವ ನಂಗೆ. ಕಿಟಕಿ ಒಳಗಿಂದ, ಮಾದಪ್ಪ, ಮಾತ್ರೆ ಬುಟ್ಬುಟ್ಟಿಯಾ ಜ್ವಾಕೆ, ಅಂತ ಗದ್ರುಸೋರು. ಮಕ ನೋಡಿರ್ನಿಲ್ಲ. ಒಂದ್ಸಲ ನೋಡವ ಅಂತ ನಾ ಬಂದಿ."

ನೋಡಲು ಬಂದದ್ದು ಸಿಕ್ಕಲಿಲ್ಲ ಎಂಬುದು ಇಬ್ಬರಿಗೂ ಗೊತ್ತಾಯಿತು.

ಮೀನಾ ತನ್ನ ಬ್ಯಾಗಿನಿಂದ ಮಡಿಸಿದ ಒಂದು ಕಪ್ಪು ಬಟ್ಟೆ ತೆಗೆದು ಶಿವರಂಜನಿಯ ಮಡಿಲಿಗಿಟ್ಟಳು. ಹಳೆಯ ಕೊಡೆಯ ಬಟ್ಟೆ. ಕಡ್ಡಿ ಬಿಚ್ಚಿ, ಅಂಚು ಹೊಲಿದು, ಮುಸುಕಿನ ಹಾಗೆ ಮಾಡಿದ್ದು. ಮೇಡಂ ಸಾಮಾನು ಅಂತ ಅಲ್ಲಿದ್ದದ್ದು ಇದೊಂದೇ ಎಂದಳು.

"ಏನಿದು?"

"ಇದ ಮುಸುಕ ಒದ್ಕಂಡೇ ಮೇಡಂ ಫೋಟೊ ತಗೀತಿದ್ದು. ನಿಮ್ಗೊತ್ತಿಲ್ವಾ ಅಕ್ಕ?"

ಶಿವರಂಜನಿಗೆ ಗೊತ್ತಿರಲಿಲ್ಲ. ಮೀನಾ ಕಣ್ಣೊರೆಸಿಕೊಂಡು ವಿವರಿಸಿದಳು. ಸೂಕ್ಷ್ಮದರ್ಶಕದ ಕ್ಯಾಮೆರಾದಿಂದ ಪಟ ಕಂಪ್ಯೂಟರಿಗೆ ಬರುತ್ತಿತ್ತು, ಆ ಕಂಪ್ಯೂಟರಿಗೆ ಮಾತ್ರ ನೆಟ್ ಇರಲಿಲ್ಲ. ಅನುಮಾನ ಬಂದ ಕಫದ ಗಾಜನ್ನು ದೂರದ ಡಾಕ್ಟರಿಗೆ ತೋರಿಸಬೇಕಾದರೆ ಕಂಪ್ಯೂಟರಿನ ಪರದೆಯನ್ನೇ ಫೋನಿನಲ್ಲಿ ಇನ್ನೊಂದು ಪಟ ತೆಗೆದು ಕಳಿಸುವುದು. ಪರದೆಯೆಲ್ಲ ಕಪ್ಪು, ನಡುವೆ ಹಸಿರು ಕಡ್ಡಿ ಕಡ್ಡಿಯಾಗಿ ಕ್ರಿಮಿ. ಮೊದಲ ಸಲ ಕಳಿಸಿದಾಗ, ಕಡ್ಡಿಗಳ ಹಿಂದೆ ಯಾರದೋ ಮುಖ ಕಾಣುತ್ತಿದೆ, ಪರದೆಯ ಗಾಜಿನಲ್ಲಿ ನಿಮ್ಮ ಪ್ರತಿಬಿಂಬ ಬಿದ್ದಿದೆ ನೋಡಿ ಎಂದು ಡಾಕ್ಟರು ತಮಾಷೆಯಾಗಿ ಬರೆದಿದ್ದರು. ಮಾಲಿನಿ ಆ ಪಟವನ್ನು ಆಗಲೇ ಅಳಿಸಿಹಾಕಿ, ಮಾರನೆಯ ದಿನ ಕೊಡೆ ಬಿಚ್ಚಿ ಹೊಲಿದುಕೊಂಡು ಬಂದಿದ್ದಳು.

"ಮಕ ಪೂರ್ತಿ ಮುಚ್ಕಂಡು, ಫೋನು ಒಂದು ಈಚಿಗೆ ಇಡ್ಕಂಡು. ನಾನು ನಗಾಡ್ತಿದ್ದಿ" ಎಂದ ಮೀನಾ ಅಳತೊಡಗಿದಳು.

ಶಿವರಂಜನಿ ಅವ್ವನ ಫೋನು ತೆರೆದಳು. ಬೆರಳಾಡಿಸಿದಷ್ಟೂ ಪಟಗಳು. ಕಪ್ಪಿನ ಮೇಲೆ ಹಸಿರು, ಕಪ್ಪಿನ ಮೇಲೆ ಹಸಿರು. ಒಂದರಲ್ಲಿ ನಾಲ್ಕು ಕಡ್ಡಿ, ಒಂದರಲ್ಲಿ ರಾಗಿ ಚೆಲ್ಲಿದಷ್ಟು. ಇಡೀ ತಾಲ್ಲೂಕಿನ ಎದೆಗೂಡು ಅದರೊಳಗಿತ್ತು, ತೆಗೆದವಳ ಮುಖ ಮಾತ್ರ ಒಂದರಲ್ಲೂ ಕಾಣಲಿಲ್ಲ. ಕೊಡೆಬಟ್ಟೆ ತನ್ನ ಕೆಲಸ ಚೆನ್ನಾಗಿಯೇ ಮಾಡಿತ್ತು. ಅವಳು ಫೋನು ಕೆಳಗಿಟ್ಟು ಆ ಬಟ್ಟೆಯಲ್ಲಿ ಮುಖ ಹುದುಗಿಸಿಕೊಂಡು ಅತ್ತಳು.

*

ಕೊಳ್ಳೇಗಾಲದಲ್ಲಿ ಓದುತ್ತಿದ್ದಾಗ ಕಾಲೇಜು ಬಿಟ್ಟ ಮೇಲೆ ಶಿವರಂಜನಿ ಲ್ಯಾಬಿಗೆ ಹೋಗುತ್ತಿದ್ದಳು, ಅವ್ವನ ಜೊತೆ ಊರಿಗೆ ಬರಲೆಂದು. ಹೊಸ ಕ್ಯಾಮೆರಾ ಬಂದ ಹೊಸತು. ಕ್ಯಾಮೆರಾ ಎಂದರೆ ಸಾಸಿವೆ ಡಬ್ಬಿಯಷ್ಟಿದ್ದ ಒಂದು ಪೆಟ್ಟಿಗೆ, ಸೂಕ್ಷ್ಮದರ್ಶಕದ ನೆತ್ತಿಯ ಮೇಲೆ ಕೂತಿತ್ತು. ಒಂದು ದಿನ ಅವ್ವ ಅವಳಿಗೂ ಮಾಸ್ಕು ಕಟ್ಟಿ ಒಳಗೆ ಕರೆದುಕೊಂಡಳು, ಕಿಟಕಿಯ ಪರದೆ ಎಳೆದಳು. ಕತ್ತಲೆಯಾಯಿತು. ಅವ್ವ ಮಾಸ್ಕು ಬಿಚ್ಚಿ ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು.

"ನಂಗೆ ಕಟ್ಬುಟ್ಟು ನೀ ಯಾಕ ಬಿಚ್ದೆ?"

"ಗಾಜ ಕಾಯ್ಸಿ ಒಣಗ್ಸಾಯ್ತು. ಇನ್ನದ್ರಲ್ಲಿ ಜೀವ ಇಲ್ಲ. ನೀ ಮಾತ್ರ ಬಿಚ್ಬ್ಯಾಡ" ಎಂದು ಅವ್ವ ನಕ್ಕಳು. ಮನೆಯಲ್ಲಿ ಅವ್ವ ಹಾಗೆ ನಕ್ಕದ್ದು ಕಡಿಮೆ.

ನೀಲಿ ಬೆಳಕು ಹತ್ತಿತು. ಹಳದಿ ಬಣ್ಣ ಹಾಕಿ ತೊಳೆದ ಗಾಜಿನ ಮೇಲೆ ಆ ನೀಲಿ ಬಿದ್ದರೆ ಕ್ರಿಮಿಗಳು ಮಾತ್ರ ಹಸಿರಾಗಿ ಹೊಳೆಯುತ್ತವೆ, ಉಳಿದದ್ದೆಲ್ಲ ಕಪ್ಪು. ಹೊಳಪು ಬಹಳ ಸಣ್ಣದು. ಅದಕ್ಕೆ ಕ್ಯಾಮೆರಾ ಕಣ್ಣು ತೆರೆದು ಒಂದಿಷ್ಟು ಹೊತ್ತು ಕಾಯಬೇಕು, ಆಗ ಮೇಜು ಮುಟ್ಟಿದರೂ ಪಟ ಕದಡುತ್ತದೆ. ಅವ್ವ ಉಸಿರು ಬಿಗಿಹಿಡಿದು ಒತ್ತಿದಳು. ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಎಳೆಗಳು ಮೂಡಿದವು. ಚೆಂದವಾಗಿದೆ ಎಂದು ಶಿವರಂಜನಿ ನೋಡುತ್ತಾ ಕೂತಳು. ನೋಡುತ್ತಿದ್ದಂತೆ ಹಸಿರು ಮಂಕಾಗತೊಡಗಿತು.

"ನೋಡ್ತಾ ಕೂತ್ರ ಮಾಸೋಯ್ತದ ಮಗ. ಯಾವ ಬೆಳಕ್ನಲ್ಲಿ ಒಳೀತದೋ ಅದೇ ಬೆಳ್ಕು ತಿಂದಾಕ್ತದ. ಮೊದ್ಲು ಪಟ ತಕಬೇಕು, ಆಮೇಲೆ ನೋಡ್ಬೇಕು."

ಮುಂದಿನ ಗಾಜು ಬರೀ ಕಪ್ಪು. ಇದರಲ್ಲಿ ಏನೂ ಇಲ್ಲ, ನಡಿ ಹೋಗೋಣ ಎಂದಳು ಮಗಳು. ಅವ್ವ ಹೋಗಲಿಲ್ಲ. ಗಾಜನ್ನು ಕೂದಲೆಳೆಯಷ್ಟು ಸರಿಸಿ ನೋಡಿದಳು, ಮತ್ತೆ ಸರಿಸಿದಳು, ಕಂಪ್ಯೂಟರಿನಲ್ಲಿ ಬೆಳಕು ಏರಿಸಿದಳು. ಏರಿಸಿದರೆ ಕಸವೂ ಎದ್ದು ಕಾಣುತ್ತದೆ, ಕಸ ಯಾವುದು ಕ್ರಿಮಿ ಯಾವುದು ಎಂದು ಆರಿಸಬೇಕು.

"ಐತೆ ಅನ್ನಕೆ ಒಂದು ಕಂಡ್ರ ಸಾಕು. ಇಲ್ಲ ಅನ್ನಕೆ ಎಲ್ಲಾ ನೋಡ್ಬೇಕು. ಕಪ್ಪು ಅಂತ ಬುಟ್ಬುಡ್ಬ್ಯಾಡ, ಬೆಳಕ ಏರ್ಸಿ ನೋಡು."

ಆ ನೀಲಿಯಲ್ಲಿ ಅವ್ವನ ಮುಖ ಪಕ್ಕದಲ್ಲೇ ಇತ್ತು, ಮಾಸ್ಕಿಲ್ಲದೆ, ತಿರುಗಿಸದೆ. ಶಿವರಂಜನಿ ನೋಡಬಹುದಾಗಿತ್ತು. ಅವಳು ಪರದೆ ನೋಡುತ್ತಿದ್ದಳು.

*

ಇಳಿಹೊತ್ತಿಗೆ ಬಿದಿರಿನಲ್ಲಿ ಕಟ್ಟಿದ ಮಂಟಪದಂಥ ವಿಮಾನದಲ್ಲಿ ಕೂರಿಸಿ ತೋಟಕ್ಕೆ ಒಯ್ದರು. ಮಠದ ಅಯ್ನೋರು ಮುಂದೆ ನಿಂತು ಮಂತ್ರ ಹೇಳಿದರು. ಗುಂಡಿಯೊಳಗಿನ ಗೂಡಿನಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಬಿಲ್ವಪತ್ರೆ ಹಾಕಿ, ಉಪ್ಪು ಸುರಿಯುವ ಮೊದಲು, ಮುಖ ನೋಡುವವರು ನೋಡಿಕೊಳ್ಳಿ ಎಂದು ಕರೆದರು. ಶಿವರಂಜನಿ ಬಗ್ಗಿದಳು. ಬೆಳ್ಳಗಿನ ಬೂದಿ, ಬಿಸಿಲಿಗೆ ಒಣಗಿ ಸಣ್ಣಗೆ ಬಿರುಕು ಬಿಟ್ಟಿತ್ತು. ಅದರ ಕೆಳಗೆ ಅವ್ವ ಇದ್ದಳು. ಸೆರಗಿನಿಂದ ಒಂದು ಸಲ ಒರೆಸಿಬಿಡಲೇ ಎಂದು ಅವಳಿಗೆ ಬಲವಾಗಿ ಅನಿಸಿತು, ಕೈಯೂ ಮುಂದೆ ಹೋಯಿತು. ಅಷ್ಟರಲ್ಲಿ ಯಾರೋ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡರು. ಶಿವಕುಮಾರಸ್ವಾಮಿ ಮೊದಲ ಹಿಡಿ ಮಣ್ಣು ಹಾಕಿದ. ಹಾಕಿದವನು ಎದ್ದು ಬರಲಿಲ್ಲ. ಗುಂಡಿ ತುಂಬುವವರೆಗೂ ಅಲ್ಲೇ ಕೂತು ಬೊಗಸೆಯಲ್ಲಿ ಮಣ್ಣು ನೂಕುತ್ತಿದ್ದ.

ತಿರುಗಿ ಬರುವಾಗ ಶಿವರಂಜನಿ ಅತ್ತೆ ಚನ್ನಾಜಮ್ಮನ ಪಕ್ಕ ನಡೆದಳು. ಅವ್ವನ ಮಚ್ಚೆ ಎಲ್ಲಿಯವರೆಗೆ ಇತ್ತು ಎಂದು ಕೇಳಿದಳು. ಈಗ ಅದೆಲ್ಲ ಯಾಕೆ ಎಂದು ಚನ್ನಾಜಮ್ಮ ತಪ್ಪಿಸಿಕೊಳ್ಳಲು ನೋಡಿದಳು. ಶಿವರಂಜನಿ ಬಿಡಲಿಲ್ಲ.

"ನಂಗೂ ಸರ್ಯಾಗಿ ಗೊತ್ತಿಲ್ಲ ಕಣ್ ಮಗ" ಎಂದು ಕೊನೆಗೆ ಹೇಳಿದಳು. "ತೊಳೀವಾಗ ಹುಬ್ಬಿನ ಕಾಡಿಗೆ ಬುಟ್ಕತು. ನಂಗೆ ನೋಡಕಾಗ್ನಿಲ್ಲ. ಅದ್ಕೇ ನಾ ಬೇಗ ಬಳುದ್ಬುಟ್ಟಿ."

ಅವ್ವ ಹುಬ್ಬಿಗೆ ಕಾಡಿಗೆ ತೀಡುತ್ತಿದ್ದುದು ಶಿವರಂಜನಿಗೆ ಗೊತ್ತಿತ್ತು. ಈ ವಯಸ್ಸಿನಲ್ಲಿ ಸಿಂಗಾರವೇ ಎಂದು ಒಮ್ಮೆ ಕೀಟಲೆಯನ್ನೂ ಮಾಡಿದ್ದಳು. ಯಾಕೆ ತೀಡುತ್ತೀ ಎಂದು ಮಾತ್ರ ಕೇಳಿರಲಿಲ್ಲ.

ಸ್ನಾನ ಮುಗಿಸಿ ಎಲ್ಲರೂ ಜಗುಲಿಗೆ ಬಂದರು. ಮೀನಾ, ದೊಡ್ಡಮಾದಪ್ಪ ಬಸ್ಸಿಗೆ ಹೋದರು. ಉದಯಕುಮಾರ್ ಬೈಕಿನ ಬಳಿ ನಿಂತು ಶಿವಕುಮಾರಸ್ವಾಮಿಯ ಮುಖ ನೋಡಿದ. ಶಿವಕುಮಾರಸ್ವಾಮಿ ಮಗಳ ಮುಖ ನೋಡಿದ. ಅವಳು ತಲೆ ಆಡಿಸಿದಳು. ಆಗಲಿ, ಅದನ್ನೇ ಮಾಡಿಸಿ. ಬೇರೆ ಇಲ್ಲದಾಗ ಇನ್ನೇನು? ಮದುವೆಯ ಪಟ ಟವೆಲಿನಲ್ಲಿ ಸುತ್ತಿಕೊಂಡು ಉದಯಕುಮಾರನ ಚೀಲ ಸೇರಿತು.

*

ಮದುವೆಯಾದ ಮೊದಲ ಮಳೆಗಾಲದಲ್ಲಿ ಶಿವರಂಜನಿಗೆ ಕೆಮ್ಮು ಹಿಡಿದು ಬಿಡಲೇ ಇಲ್ಲ. ಸಂಜೆ ಜ್ವರ. ಹನೂರಿನ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ, ಅತ್ತೆ ಮಾತ್ರ ಅವಳ ಕಾಫಿಯನ್ನು ಬೇರೆ ಲೋಟದಲ್ಲಿ ಕೊಡತೊಡಗಿದಳು. ಅದನ್ನು ಫೋನಿನಲ್ಲಿ ಅವ್ವನಿಗೆ ಸುಮ್ಮನೆ ಹೇಳಿದಳು, ನಗುತ್ತಲೇ.

"ಲೋಟ ಬ್ಯಾರೆ ಇಟ್ಟವ್ರಾ?" ಎಂದ ಅವ್ವ ಫೋನಿಟ್ಟುಬಿಟ್ಟಳು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಹನೂರಿಗೆ ಬಂದು ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಕಫದ ಡಬ್ಬಿ. ಬೀಗರ ಮನೆಯೊಳಗೂ ಬರಲಿಲ್ಲ. ಡಬ್ಬಿ ತುಂಬಿಸಿಕೊಂಡು ಅದೇ ಬಸ್ಸು ತಿರುಗಿ ಹೊರಟಾಗ ಹತ್ತಿದಳು.

ಮಧ್ಯಾಹ್ನ ಅವ್ವನ ಫೋನು ಬಂತು. ಏನೂ ಇಲ್ಲ, ಬರೀ ಶೀತದ ಕೆಮ್ಮು ಎಂದಳು. ಅವಳ ದನಿ ನಡುಗುತ್ತಿತ್ತು. ಆ ನಡುಕಕ್ಕೇ ಶಿವರಂಜನಿಗೆ ಸಂಶಯ ಬಂತು. ಸುಳ್ಳು ಹೇಳುತ್ತಿದ್ದೀಯ, ನನಗೆ ಬಂದಿದೆ, ಮುಚ್ಚಿಡುತ್ತಿದ್ದೀಯ ಎಂದು ಫೋನಿನಲ್ಲೇ ಕೂಗಾಡಿದಳು. ಫೋಟೊ ಕಳಿಸು ಅಂದಳು. ಅವ್ವ ಕಳಿಸಿದಳು. ಬರೀ ಕಪ್ಪು ಚೌಕ. ಕೆಳಗೆ ಬರೆದಿದ್ದಳು: ಏನೂ ಇಲ್ಲ ಮಗ. ಎಲ್ಲಾ ನೋಡ್ದೆ. ಊಟ ಮಾಡು.

ಶಿವರಂಜನಿ ಹೆಬ್ಬೆರಳು ಎತ್ತಿದ ಗುರುತೊಂದನ್ನು ಕಳಿಸಿ ಊಟಕ್ಕೆ ಎದ್ದಿದ್ದಳು. ಅದೇ ಪಟವನ್ನು ಗಂಡನ ಮನೆಯವರಿಗೂ ತೋರಿಸಿದಳು. ಕಪ್ಪಲ್ಲಿ ಏನು ನೋಡುವುದು? ಯಾರೂ ನೋಡಲಿಲ್ಲ. ಲೋಟ ಮಾತ್ರ ಎಲ್ಲರ ಲೋಟದ ಜೊತೆ ಬಂದು ಕೂತಿತು.

*

ಉದಯಕುಮಾರ್ ಬೈಕು ಹೊರಳಿಸುತ್ತಿದ್ದ. ಜಗುಲಿಯ ಕಂಬಕ್ಕೆ ಒರಗಿ ಶಿವರಂಜನಿ ತನ್ನ ಫೋನು ತೆರೆದಳು. ಪಟಕ್ಕಾಗಿ ಅಲ್ಲ. ಅವ್ವ ಕಳಿಸಿದ ಮಾತುಗಳನ್ನು ಇನ್ನೊಮ್ಮೆ ಓದಬೇಕೆನಿಸಿತು. ಕೊನೆಯದು ಬೆಳಿಗ್ಗೆ ಬಂದದ್ದು: ಬಸ್ ಬರ್ಲಿಲ್ಲ ಇನ್ನೂವ. ನೀ ತಿಂದ?

ಅದಕ್ಕೆ ಅವಳು ಉತ್ತರ ಬರೆದಿರಲಿಲ್ಲ.

ಮೇಲಕ್ಕೆ ಸರಿಸಿದಳು. ತಿಂದ? ಮಲಗ್ದ? ಮಳೆ ಬಂತಾ? ವರ್ಷಗಳ ತುಂಬ ಅದೇ ಮಾತು. ಇನ್ನೂ ಮೇಲಕ್ಕೆ ಹೋದಾಗ ಕಪ್ಪು ಚೌಕ ಬಂತು. ದಾಟಿ ಮುಂದೆ ಹೋದಳು. ಹೋದ ಬೆರಳು ನಿಂತಿತು.

ಆವತ್ತು ಆ ಆತುರದಲ್ಲಿ ಅವ್ವ ಕೊಡೆಬಟ್ಟೆ ಹೊದ್ದಿದ್ದಳೇ? ಡಾಕ್ಟರಿಗೆ ಕಳಿಸುವ ಪಟವಲ್ಲ ಅದು. ಮಗಳು ಫೋನಿನಲ್ಲಿ ಕೂಗಾಡುತ್ತಿದ್ದಳು.

ಅವಳು ಕಪ್ಪು ಚೌಕವನ್ನು ತೆರೆದು, ತಿದ್ದುವ ಗುಂಡಿ ಒತ್ತಿ, ಬೆಳಕಿನ ಗೀಟನ್ನು ಬೆರಳಿನಿಂದ ಸರಿಸಿದಳು. ಕಪ್ಪು ಬೂದಾಯಿತು. ಕಸ ಎದ್ದಿತು, ರವೆ ರವೆಯಾಗಿ. ಇನ್ನೂ ಸರಿಸಿದಳು. ಮೊದಲು ಕಂಡದ್ದು ಬಿಳಿ. ಬಾಯಿಯ ಸುತ್ತಲ ಬಿಳಿ, ಅಲ್ಲಿಂದ ಕೆನ್ನೆ ಹತ್ತಿ, ಕಣ್ಣಿನ ಮಗ್ಗುಲು ಬಳಸಿ, ಹುಬ್ಬಿನ ಅರ್ಧದವರೆಗೆ. ಕಾಡಿಗೆ ಒರೆಸಿಹೋಗಿ ಅರ್ಧ ಹುಬ್ಬು ಬೆಳ್ಳಗಿತ್ತು. ಆ ಬಿಳಿಯನ್ನು ಹಿಡಿದುಕೊಂಡೇ ಉಳಿದ ಮುಖ ಕತ್ತಲೆಯಿಂದ ಮೇಲೆ ಬಂತು: ಮೂಗು, ಇನ್ನೊಂದು ಕೆನ್ನೆ, ತುಂಬಿಕೊಂಡ ಕಣ್ಣು. ಅವ್ವ ಅಳುತ್ತಿದ್ದಳು, ಬಾಯಿ ತುಂಬ ನಗುತ್ತಲೂ ಇದ್ದಳು. ನೇರವಾಗಿ ನೋಡುತ್ತಿದ್ದಳು.

"ಉದಯಣ್ಣ" ಎಂದು ಕರೆದಳು.

ಅವನಿಗಿಂತ ಮೊದಲು ಶಿವಕುಮಾರಸ್ವಾಮಿ ಬಂದ. ಫೋನು ಕೈಗೆ ತೆಗೆದುಕೊಂಡು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. ಜಗುಲಿಯ ಮೇಲೆ ಕುಸಿದು ಕೂತ.

"ಇವ್ಳೇ ಕಣ್ ಮಗ" ಎಂದ.

ಉದಯಕುಮಾರ್ ಹೆಗಲ ಮೇಲಿಂದ ಬಗ್ಗಿದ. ಅವನಿಗೆ ತಿಳಿದ ಒಳ್ಳೆಯ ಮಾತನ್ನೇ ಆಡಿದ. "ಇದ್ರಲ್ಲೇ ಮಾಡ್ಬೋದಣ್ಣ. ಆ ಹುಬ್ಬು, ಬಾಯಿ ಸುತ್ತ ಒಸಿ ಸರಿ ಮಾಡ್ಬುಡ್ಲಾ? ಗೊತ್ತೇ ಆಗಲ್ಲ."

"ಏನೂ ಮುಟ್ಬ್ಯಾಡ ಕಣಪ್ಪ" ಎಂದ ಶಿವಕುಮಾರಸ್ವಾಮಿ.

ಉದಯಕುಮಾರ್ ಚೀಲದಿಂದ ಮದುವೆಯ ಪಟ ತೆಗೆದು ಜಗುಲಿಯ ಮೇಲಿಟ್ಟು ಫೋನಿಗೆ ಕೈಚಾಚಿದ. ಶಿವಕುಮಾರಸ್ವಾಮಿ ಕೊಡಲಿಲ್ಲ. ಅವನ ಕೈಯಲ್ಲೇ ಪರದೆ ಮಂಕಾಗಿ ಆರಿಹೋಯಿತು, ಅವನು ಗಾಬರಿಯಾಗಿ ಮಗಳನ್ನು ನೋಡಿದ. ಅವಳು ಬೆರಳು ತಾಗಿಸಿ ಮತ್ತೆ ಬೆಳಗಿಸಿಕೊಟ್ಟಳು. ಮತ್ತೆ ಮಂಕಾಯಿತು. ಈ ಸಲ ಅವನೇ ಒತ್ತಿದ, ಉಗುರಿನ ಸಂದಿಯಲ್ಲಿ ಇನ್ನೂ ತೋಟದ ಮಣ್ಣಿದ್ದ ಹೆಬ್ಬೆರಳಿನಿಂದ. ಉದಯಕುಮಾರ್ ಬೈಕಿನ ಕೀಲಿ ಹಿಡಿದು ಕಾದ. ಪರದೆ ಕಪ್ಪಾಗುವುದನ್ನೇ ನೋಡುತ್ತಿದ್ದು, ಕಪ್ಪಾಗುವ ಮೊದಲೇ, ಶಿವಕುಮಾರಸ್ವಾಮಿ ಮತ್ತೆ ಒತ್ತಿದ.